ಲಂಡನ್ ಪ್ರಯಾಣಕ್ಕೆ ಪಾಯಿಂಟ್ಸ್ ಬಳಕೆ: ಅಪ್‌ಗ್ರೇಡ್ ಮಾಡಿಸಬೇಕೇ, ನೇರವಾಗಿ ಬಿಸಿನೆಸ್ ಟಿಕೆಟ್ಟನ್ನೇ ತೆಗೆದುಕೊಳ್ಳಬೇಕೇ?

ಪ್ರಶ್ನೆ — ನಿವೃತ್ತ ಅಧ್ಯಾಪಕ, ಕಡಿಯಾಳಿ, ಉಡುಪಿ

ಎಲ್ಲರಿಗೂ ನಮಸ್ಕಾರ. ಮಗಳ ಬಾಣಂತನಕ್ಕೆಂದು ನಾನು ಮತ್ತು ನನ್ನ ಪತ್ನಿ 2026ರ ಜನವರಿ ಕೊನೆಯ ವಾರದಲ್ಲಿ ಲಂಡನ್ನಿಗೆ ಹೊರಡುವವರಿದ್ದೇವೆ. ಮೇ ತಿಂಗಳ ಕೊನೆಗೆ ಮರಳಬೇಕೆಂದಿದೆ. ಪತ್ನಿಗೆ 61 ವರ್ಷ. ಕಳೆದ ವರ್ಷ ಬಲ ಮೊಣಕಾಲಿನ ಕೀಲು ಬದಲಿಸುವ ಶಸ್ತ್ರಚಿಕಿತ್ಸೆಯಾಗಿದೆ. ನಡೆದಾಡುವುದಕ್ಕೆ ತೊಂದರೆ ಇಲ್ಲ, ಕಾಲು ಮಡಚಿ ಒಂದೇ ಕಡೆ ಕುಳಿತಿರುವುದೇ ಕಷ್ಟ. ಈಚೆಗೆ ಮದುವೆಯೊಂದಕ್ಕೆ ಕಾರಿನಲ್ಲಿ ಶಿರಸಿಗೆ ಹೋಗಿ ಬಂದ ದಿನ ಸಂಜೆಗೆ ಪಾದ ಬಾತು, ಕಾಲುಂಗುರ ಬೆರಳಿನೊಳಗೆ ಹೂತಂತಾಗಿ, ಸೋಪಿನ ನೀರು ಹಾಕಿ ತೆಗೆಯಬೇಕಾಯಿತು. ಹತ್ತು ಹನ್ನೊಂದು ಗಂಟೆಯ ವಿಮಾನವನ್ನು ಇಕಾನಮಿಯಲ್ಲಿ ಅವರು ಹೇಗೆ ಕಳೆಯುವರೆಂಬುದೇ ನನ್ನ ಚಿಂತೆ.

ನನ್ನ ಬಳಿ ಇರುವುದು ಇಷ್ಟು. ಹಿಂದಿನ ಪ್ರಯಾಣಗಳಿಂದ, ಸ್ಟಾರ್ ಅಲಯನ್ಸ್ ಕೂಟದ ಒಂದು ವಿಮಾನ ಸಂಸ್ಥೆಯ ಖಾತೆಯಲ್ಲಿ 38,000 ಪಾಯಿಂಟ್ಸ್ ಇವೆ. ಅವುಗಳ ಅವಧಿ ಬರುವ ಮಾರ್ಚಿಗೆ ಮುಗಿಯುತ್ತದೆ. ಕ್ರೆಡಿಟ್ ಕಾರ್ಡಿನಲ್ಲಿ 1,90,000 ಇವೆ. ಅದನ್ನು ಇದೇ ಸಂಸ್ಥೆಗೆ ವರ್ಗಾಯಿಸಿದರೆ ಎರಡಕ್ಕೆ ಒಂದರಂತೆ 95,000 ಸಿಗುತ್ತದೆ. ಒಟ್ಟು 1,33,000 ಆಯಿತು. ಮೊದಲು ಅಗ್ಗದ ಇಕಾನಮಿ ಟಿಕೆಟ್ ಕೊಂಡು, ಆಮೇಲೆ ಈ ಪಾಯಿಂಟ್ಸ್ ಕೊಟ್ಟು ಇಬ್ಬರಿಗೂ ಬಿಸಿನೆಸ್ ಕ್ಲಾಸಿಗೆ ಅಪ್‌ಗ್ರೇಡ್ ಮಾಡಿಸುವುದು ನನ್ನ ಯೋಜನೆಯಾಗಿತ್ತು. ಆ ಸಂಸ್ಥೆಯ ಜಾಲತಾಣದಲ್ಲಿ ನೇರವಾಗಿ ಹುಡುಕಿದಾಗ, ಒಂದು ಬದಿಗೆ ಒಬ್ಬರಿಗೆ ಬಿಸಿನೆಸ್ ಆಸನಕ್ಕೆ 80,000 ಪಾಯಿಂಟ್ಸ್ ಮತ್ತು ಸುಮಾರು 38,000 ರೂಪಾಯಿ, ಪ್ರೀಮಿಯಂ ಇಕಾನಮಿಗೆ 50,000 ಪಾಯಿಂಟ್ಸ್ ಮತ್ತು ಸುಮಾರು 25,000 ರೂಪಾಯಿ, ಇಕಾನಮಿಗೆ 35,000 ಪಾಯಿಂಟ್ಸ್ ಮತ್ತು 17,000 ರೂಪಾಯಿ ತೋರಿಸಿತು. ಪಾಯಿಂಟ್ಸ್ ಕೊಟ್ಟ ಮೇಲೂ ಇಷ್ಟು ಹಣ ಏಕೆ ಎಂಬುದು ಅರ್ಥವಾಗಲಿಲ್ಲ.

ಹೋಗುವಾಗ ಬಳಸಬೇಕೇ, ಬರುವಾಗ ಬಳಸಬೇಕೇ? ಅಪ್‌ಗ್ರೇಡ್ ಒಳ್ಳೆಯದೋ, ನೇರ ಟಿಕೆಟ್ ಒಳ್ಳೆಯದೋ? ಮಂಗಳೂರಿನಿಂದ ಬೆಂಗಳೂರಿನವರೆಗಿನ ಭಾಗವನ್ನು ಹೇಗೆ ಹೊಂದಿಸಬೇಕು? ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ — ಟಿಕೆಟ್ ಬುಕಿಂಗ್ ವೃತ್ತಿಯವ, ಕದ್ರಿ, ಮಂಗಳೂರು

ಸರ್, ಅಗ್ಗದ ಟಿಕೆಟ್ಟನ್ನು ಇನ್ನೂ ಕೊಂಡಿಲ್ಲವಾದರೆ ದಯವಿಟ್ಟು ಕೊಳ್ಳಬೇಡಿ. ಇಪ್ಪತ್ತು ವರ್ಷಗಳಿಂದ ಈ ಕೆಲಸ ಮಾಡುತ್ತಿದ್ದೇನೆ; ನನ್ನ ಮೇಜಿನ ಮುಂದೆ ಬೇಸರದಿಂದ ಎದ್ದು ಹೋದವರಲ್ಲಿ ಹೆಚ್ಚಿನವರು ಇದೇ ಯೋಜನೆ ಹಾಕಿಕೊಂಡು ಬಂದವರು.

ಇ-ಟಿಕೆಟ್ಟನ್ನು ಮುದ್ರಿಸಿ ನೋಡಿದರೆ ವಿಮಾನದ ಸಂಖ್ಯೆಯ ಪಕ್ಕದಲ್ಲಿ 'ಕ್ಲಾಸ್' ಎಂಬುದರ ಎದುರಿಗೆ ಒಂದೇ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ. ಇಕಾನಮಿ ಎಂಬ ಒಂದೇ ಕ್ಯಾಬಿನ್ನಿನೊಳಗೆ ಇಂತಹ ಹತ್ತು ಹನ್ನೆರಡು ಅಕ್ಷರಗಳಿರುತ್ತವೆ, ಪ್ರತಿಯೊಂದಕ್ಕೂ ಬೇರೆ ದರ, ಬೇರೆ ನಿಯಮ. ಅಪ್‌ಗ್ರೇಡ್ ಸಿಗುತ್ತದೆಯೇ ಇಲ್ಲವೇ ಎಂಬುದನ್ನು ನಿಮ್ಮ ಪಾಯಿಂಟ್ಸ್‌ಗಿಂತ ಮೊದಲು ನಿರ್ಧರಿಸುವುದು ಈ ಅಕ್ಷರ. ಅತ್ಯಂತ ಅಗ್ಗದ ದರಗಳಿಗೆ ಅಪ್‌ಗ್ರೇಡ್ ಇಲ್ಲ ಎಂದು ಬಹುತೇಕ ಎಲ್ಲ ಸಂಸ್ಥೆಗಳೂ ನಿಯಮ ಮಾಡಿಕೊಂಡಿವೆ. ಬ್ರಿಟಿಷ್ ಏರ್‌ವೇಸನ್ನೇ ತೆಗೆದುಕೊಳ್ಳಿ. ಅವರ ಇಕಾನಮಿಯಲ್ಲಿ ಕ್ಯೂ, ಒ, ಜಿ ಎಂಬ ಮೂರು ಅಕ್ಷರಗಳಿಗೆ ಏವಿಯೋಸ್ (ಅವರ ಪಾಯಿಂಟ್ಸ್‌ನ ಹೆಸರು) ಬಳಸಿ ಅಪ್‌ಗ್ರೇಡ್ ಮಾಡಿಸಲು ಬರುವುದಿಲ್ಲ, ನಮ್ಮ ಗ್ರಾಹಕರು ಅಗ್ಗವೆಂದು ಕೊಳ್ಳುವುದು ಬಹುಮಟ್ಟಿಗೆ ಅವುಗಳನ್ನೇ. ಅರ್ಹವಾದ ಅಕ್ಷರವಿದ್ದರೂ ಸಾಮಾನ್ಯವಾಗಿ ಒಂದು ಮೆಟ್ಟಿಲು ಮಾತ್ರ ಏರಬಹುದು: ಪ್ರೀಮಿಯಂ ಇಕಾನಮಿ ಇರುವ ವಿಮಾನದಲ್ಲಿ ಇಕಾನಮಿಯವರು ಅಲ್ಲಿಗೆ ಏರುತ್ತಾರೆ, ಬಿಸಿನೆಸ್ಸಿಗೆ ಅಲ್ಲ. ಇನ್ನು ಒಂದು ಸಂಸ್ಥೆಯ ಪಾಯಿಂಟ್ಸ್ ಕೊಟ್ಟು ಸ್ಟಾರ್ ಅಲಯನ್ಸ್‌ನ ಮತ್ತೊಂದು ಸಂಸ್ಥೆಯ ವಿಮಾನದಲ್ಲಿ ಅಪ್‌ಗ್ರೇಡ್ ಕೇಳಿದರೆ, ಇಕಾನಮಿಯ ಪೂರ್ಣ ದರದ ವೈ ಅಥವಾ ಬಿ ಅಕ್ಷರವನ್ನು ಕೇಳುತ್ತಾರೆ. ಆ ದರಕ್ಕೆ ಇನ್ನಷ್ಟು ಸೇರಿಸಿದರೆ ರಿಯಾಯಿತಿಯ ಬಿಸಿನೆಸ್ ಟಿಕೆಟ್ಟೇ ಬಂದಿರುತ್ತದೆ.

ಹರಾಜಿನ ರೀತಿಯ ಅಪ್‌ಗ್ರೇಡ್ ಇನ್ನೊಂದು ಬಗೆ. ಪ್ರಯಾಣಕ್ಕೆ ಕೆಲವು ದಿನ ಮೊದಲು ಮಿಂಚಂಚೆ ಬರುತ್ತದೆ, ನೀವು ಮೊತ್ತ ಹೇಳಬೇಕು, ಒಪ್ಪಿದರೆ ಕಾರ್ಡಿನಿಂದ ಹಣ ಹೋಗುತ್ತದೆ. ಕೊನೆಯ ಗಳಿಗೆಯವರೆಗೆ ಖಚಿತವಿಲ್ಲದ ಇದನ್ನು ಮೊಣಕಾಲಿನ ತೊಂದರೆ ಇರುವವರಿಗೆ ನಾನು ಶಿಫಾರಸು ಮಾಡುವುದಿಲ್ಲ.

ಆದ್ದರಿಂದ ನಿಮಗೆ ಸರಿಯಾದುದು ಪಾಯಿಂಟ್ಸ್ ಕೊಟ್ಟು ನೇರವಾಗಿ ಮೇಲಿನ ತರಗತಿಯ ಟಿಕೆಟ್ ಪಡೆಯುವುದು. ಲೆಕ್ಕ ಮಾಡಿ ನೋಡಿ. ಬಿಸಿನೆಸ್ ಟಿಕೆಟ್ಟಿಗೆ ಹಣ ಕೊಟ್ಟರೆ ಒಂದು ಬದಿಗೆ 1,65,000 ರೂಪಾಯಿ ಎಂದಿಟ್ಟುಕೊಳ್ಳೋಣ. ಅದರಲ್ಲಿ ನೀವು ಹೇಗೂ ಕೊಡುವ 38,000 ಕಳೆದರೆ 1,27,000. ಅದನ್ನು 80,000 ಪಾಯಿಂಟ್ಸ್‌ಗೆ ಭಾಗಿಸಿದರೆ ಒಂದು ಪಾಯಿಂಟ್‌ಗೆ ಸುಮಾರು 1 ರೂಪಾಯಿ 59 ಪೈಸೆ. ಇಕಾನಮಿಗೆ ಅದೇ ಲೆಕ್ಕ ಹಾಕಿ: 39,000ದ ಟಿಕೆಟ್ಟಿನಿಂದ 17,000 ಕಳೆದು 35,000ಕ್ಕೆ ಭಾಗಿಸಿದರೆ 63 ಪೈಸೆ. ಹೀಗಾಗಿ ಇಕಾನಮಿ ಟಿಕೆಟ್ಟನ್ನು ಹಣ ಕೊಟ್ಟು ಕೊಳ್ಳುವುದು, ಪಾಯಿಂಟ್ಸನ್ನು ಮೇಲಿನ ತರಗತಿಗೆ ಉಳಿಸಿಕೊಳ್ಳುವುದು ಮೇಲು.

ನೀವು ಕೇಳಿದ ಹೆಚ್ಚುವರಿ ಹಣದಲ್ಲಿ ಎರಡು ಪಾಲು ಇರುತ್ತದೆ. ಒಂದು ಸರಕಾರ ಮತ್ತು ವಿಮಾನ ನಿಲ್ದಾಣದ ತೆರಿಗೆ, ಇನ್ನೊಂದು ವಿಮಾನ ಸಂಸ್ಥೆಯೇ ಹಾಕಿಕೊಳ್ಳುವ ಸರ್ಚಾರ್ಜ್. ಟಿಕೆಟ್ಟಿನ ವಿವರದಲ್ಲಿ ಇದು ವೈಕ್ಯೂ ಅಥವಾ ವೈಆರ್ ಎಂದು ಕಾಣುತ್ತದೆ. ಒಂದೇ ವಿಮಾನದ ಒಂದೇ ಆಸನಕ್ಕೆ ಯಾವ ಸಂಸ್ಥೆಯ ಪಾಯಿಂಟ್ಸ್ ಕೊಡುತ್ತೀರಿ ಎಂಬುದರ ಮೇಲೆ ಈ ಎರಡನೆಯ ಪಾಲು ಬದಲಾಗುತ್ತದೆ.

ಉತ್ತರ — ಗಲ್ಫಿನಿಂದ ಮರಳಿದವ, ಕುಂದಾಪುರ

ಕದ್ರಿಯವರು ಹೇಳಿದ್ದಕ್ಕೆ ಒಂದು ಎಚ್ಚರಿಕೆ ಸೇರಿಸುತ್ತೇನೆ, ನಾನೇ ಅನುಭವಿಸಿದ್ದು. ಎರಡು ವರ್ಷಗಳ ಹಿಂದೆ ಅಣ್ಣನ ಮನೆಗೆ ಟೊರಾಂಟೊಗೆ ಹೋಗುವುದಿತ್ತು. ಒಂದು ಸಂಸ್ಥೆಯ ತಾಣದಲ್ಲಿ ರಾತ್ರಿ ಬಿಸಿನೆಸ್ ಆಸನ ಎರಡು ಕಂಡವು. ಕಂಡ ಖುಷಿಯಲ್ಲಿ ಕಾರ್ಡಿನಲ್ಲಿದ್ದ ಪಾಯಿಂಟ್ಸನ್ನೆಲ್ಲ ಆಗಲೇ ವರ್ಗಾಯಿಸಿದೆ. ಅವು ಆ ಖಾತೆಗೆ ಬಂದು ಸೇರಲು ಮೂರು ದಿನ ಹಿಡಿಯಿತು, ಅಷ್ಟರಲ್ಲಿ ಆಸನಗಳು ಹೋಗಿದ್ದವು. ಕಾರ್ಡಿನಿಂದ ವಿಮಾನ ಸಂಸ್ಥೆಗೆ ಹೋದ ಪಾಯಿಂಟ್ಸ್ ಹಿಂದಕ್ಕೆ ಬರುವುದಿಲ್ಲ. ಆ ಸಂಸ್ಥೆಗೆ ಬೆಂಗಳೂರಿನಿಂದ ನನಗೆ ಬೇಕಾದ ಮಾರ್ಗವೇ ಕಡಿಮೆ. ಕೊನೆಗೆ ಅವಧಿ ಮುಗಿಯುವ ಮೊದಲು ಮುಂಬೈ–ದೆಹಲಿಗೆ ಖರ್ಚು ಮಾಡಿ ಮುಗಿಸಬೇಕಾಯಿತು. ಇವತ್ತಿಗೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಆದ್ದರಿಂದ ಮೊದಲು ಆಸನ, ಆಮೇಲೆ ವರ್ಗಾವಣೆ. ವರ್ಗಾವಣೆಗೆ ಎಷ್ಟು ಹೊತ್ತು ಹಿಡಿಯುತ್ತದೆಂದು ಬ್ಯಾಂಕನ್ನು ಕೇಳಿ. ಆಸನವನ್ನು ಒಂದೆರಡು ದಿನ ಹಿಡಿದಿಡುವ ಸೌಲಭ್ಯ ಇದೆಯೇ ಎಂದು ವಿಮಾನ ಸಂಸ್ಥೆಗೆ ಫೋನ್ ಮಾಡಿ ಕೇಳಿ. ಒಂದೇ ದಿನಾಂಕಕ್ಕೆ ಅಂಟಿಕೊಳ್ಳದೆ ಆಚೀಚೆ ಐದಾರು ದಿನ ನೋಡಿ. ವಾರದ ನಡುವಿನ ದಿನಗಳಲ್ಲಿ ಹೆಚ್ಚು ಸಿಗುತ್ತವೆ ಎಂಬುದು ನನ್ನ ಅನುಭವ. ಸಾಮಾನ್ಯವಾಗಿ ಇಂತಹ ಆಸನಗಳನ್ನು ಹನ್ನೊಂದು ಹನ್ನೆರಡು ತಿಂಗಳು ಮೊದಲೇ ತೆರೆಯುತ್ತಾರೆ. ಬ್ರಿಟಿಷ್ ಏರ್‌ವೇಸ್ 355 ದಿನ ಮೊದಲು ತೆರೆಯುತ್ತದೆ, ಲಂಡನ್ನಿನ ಹೀಥ್ರೂ ನಿಲ್ದಾಣದ ದೂರದ ವಿಮಾನಗಳಲ್ಲಿ ಕನಿಷ್ಠ 4 ಬಿಸಿನೆಸ್ ಆಸನಗಳನ್ನು ಏವಿಯೋಸ್‌ಗೆಂದೇ ಮೀಸಲಿಡುತ್ತದೆ. ನಿಮಗೆ ಆ ಹೊತ್ತು ಕಳೆದಿದೆ, ಆದರೂ ಇತರರು ರದ್ದು ಮಾಡಿದ ಆಸನಗಳು ಮರಳಿ ಬರುತ್ತಿರುತ್ತವೆ. ದಿನಕ್ಕೊಮ್ಮೆ ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಇನ್ನೊಂದು ಮಾತು. ಯಾವ ವಿಮಾನ ಎಂಬುದನ್ನೂ ನೋಡಿ. ಏರ್ ಇಂಡಿಯಾದ ಹಳೆಯ ವಿನ್ಯಾಸದ 787-8ರಲ್ಲಿ ಬಿಸಿನೆಸ್ ಆಸನಗಳು ಕೇವಲ 18, ಅವೂ ಎರಡೆರಡರಂತೆ ಮೂರು ಸಾಲು. ಕಿಟಕಿಯ ಬದಿಯವರು ಎದ್ದು ಬರಬೇಕಾದರೆ ಪಕ್ಕದವರ ಕಾಲು ದಾಟಬೇಕು. ಅದರಲ್ಲಿ ಪ್ರೀಮಿಯಂ ಇಕಾನಮಿಯೇ ಇಲ್ಲ. ಅವರದೇ ಎ350ರಲ್ಲಿ 28 ಬಿಸಿನೆಸ್ ಮತ್ತು 24 ಪ್ರೀಮಿಯಂ ಇಕಾನಮಿ ಆಸನಗಳಿವೆ, ಬಿಸಿನೆಸ್ಸಿನಲ್ಲಿ ಪ್ರತಿಯೊಬ್ಬರಿಗೂ ನಡೆದಾಡುವ ಹಾದಿ ಪಕ್ಕದಲ್ಲೇ ಸಿಗುತ್ತದೆ. ಹಾಗಾಗಿ ಪಾಯಿಂಟ್ಸ್ ಕೊಡುವ ಮೊದಲು ಆಸನದ ನಕ್ಷೆಯನ್ನು ತೆರೆದು ನೋಡಿ.

ಉತ್ತರ — ನಿವೃತ್ತ ಬ್ಯಾಂಕ್ ಅಧಿಕಾರಿ, ಉಡುಪಿ

ಮಾಸ್ಟ್ರೇ, ನಾವೆಲ್ಲ ಬ್ಯಾಂಕುಗಳ ಊರಿನವರು. 1928ರಲ್ಲಿ ಉಡುಪಿಯಲ್ಲಿ ಆರಂಭವಾದ ಪಿಗ್ಮಿ ಠೇವಣಿಯಲ್ಲಿ ದಿನಕ್ಕೆ ಎರಡಾಣೆ ಕಟ್ಟಿ ಹಣ ಕೂಡಿಟ್ಟವರ ಮಕ್ಕಳು, ಮೊಮ್ಮಕ್ಕಳು. ಕೂಡಿಟ್ಟದ್ದು ಬೆಳೆಯುತ್ತದೆ ಎಂಬ ನಂಬಿಕೆ ನಮ್ಮ ರಕ್ತದಲ್ಲಿದೆ, ಆ ನಂಬಿಕೆಯಿಂದಲೇ ನಾವು ಪಾಯಿಂಟ್ಸನ್ನೂ ಕೂಡಿಡುತ್ತೇವೆ. ಆದರೆ ಪಾಯಿಂಟ್ಸ್‌ಗೆ ಬಡ್ಡಿಯಿಲ್ಲ. ಇವತ್ತು 80,000ಕ್ಕೆ ಸಿಗುವ ಆಸನಕ್ಕೆ ನಾಳೆ 95,000 ಕೇಳುವ ಅಧಿಕಾರವನ್ನು ಸಂಸ್ಥೆ ತನ್ನ ನಿಯಮಗಳಲ್ಲೇ ಬರೆದುಕೊಂಡಿರುತ್ತದೆ, ಬ್ಯಾಂಕೂ ಎರಡಕ್ಕೆ ಒಂದು ಎಂಬುದನ್ನು ಯಾವಾಗ ಬೇಕಾದರೂ ಬದಲಿಸಬಹುದು. ಈ ಪ್ರಯಾಣದಲ್ಲೇ ಅವನ್ನು ಮುಗಿಸಿಬಿಡಿ ಎಂದು ಒತ್ತಾಯಪೂರ್ವಕವಾಗಿ ಹೇಳುತ್ತೇನೆ. ಬ್ಯಾಂಕುಗಳು ಆಗಾಗ ವರ್ಗಾವಣೆಗೆ ಬೋನಸ್ ಕೊಡುವುದುಂಟು. ಅದಕ್ಕಾಗಿ ಮಾರ್ಚಿನವರೆಗೆ ಕಾಯುತ್ತಾ ಕುಳಿತು 38,000ವನ್ನು ಕಳೆದುಕೊಳ್ಳಬೇಡಿ. ಆ ಪಾಯಿಂಟ್ಸ್‌ನಿಂದ ಮಾರ್ಚಿನೊಳಗೆ ಟಿಕೆಟ್ ಮಾಡಿಸಿದರೆ ಸಾಕೇ, ಪ್ರಯಾಣವೂ ಅಷ್ಟರೊಳಗೆ ಆಗಬೇಕೇ ಎಂಬುದನ್ನು ಸಂಸ್ಥೆಯಿಂದ ಬರಹದಲ್ಲಿ ತರಿಸಿಕೊಳ್ಳಿ.

ಹೋಗುವಾಗಲೋ ಬರುವಾಗಲೋ ಎಂಬ ನಿಮ್ಮ ಪ್ರಶ್ನೆಗೆ ತೆರಿಗೆಯ ಕಡೆಯಿಂದ ಒಂದು ಉತ್ತರವಿದೆ. ಬ್ರಿಟನ್ನಿನಿಂದ ಹೊರಡುವ ಪ್ರಯಾಣಿಕರಿಂದ ಅಲ್ಲಿನ ಸರಕಾರ ಏರ್ ಪ್ಯಾಸೆಂಜರ್ ಡ್ಯೂಟಿ ಎಂಬ ತೆರಿಗೆ ಪಡೆಯುತ್ತದೆ. ಬ್ರಿಟನ್ನಿಗೆ ಬರುವವರಿಗೆ ಅದಿಲ್ಲ. 2026ರ ಏಪ್ರಿಲ್ 1ರಿಂದ ಭಾರತದಷ್ಟು ದೂರಕ್ಕೆ ಇಕಾನಮಿಯವರಿಗೆ 102 ಪೌಂಡ್, ಅದಕ್ಕಿಂತ ಮೇಲಿನ ತರಗತಿಯವರಿಗೆ 244 ಪೌಂಡ್. ಪ್ರೀಮಿಯಂ ಇಕಾನಮಿಯೂ ಈ ಮೇಲಿನ ದರಕ್ಕೇ ಸೇರುತ್ತದೆ ಎಂಬುದು ಅನೇಕರಿಗೆ ತಿಳಿದಿಲ್ಲ. ವ್ಯತ್ಯಾಸ ತಲೆಗೆ 142 ಪೌಂಡ್, ನಮ್ಮ ಹಣದಲ್ಲಿ ಹದಿನಾರು ಸಾವಿರಕ್ಕೂ ಮೇಲೆ. ಪಾಯಿಂಟ್ಸ್ ಕೊಟ್ಟು ಕುಳಿತರೂ ಈ ತೆರಿಗೆ ತಪ್ಪದು. ಲೆಕ್ಕವೊಂದನ್ನೇ ನೋಡುವುದಾದರೆ ಹೋಗುವಾಗ ಬಿಸಿನೆಸ್, ಬರುವಾಗ ಇಕಾನಮಿ.

ಉತ್ತರ — ಗೃಹಿಣಿ, ಬಿಜೈ, ಮಂಗಳೂರು

ನನಗೆ ಎರಡೂ ಮೊಣಕಾಲುಗಳ ಶಸ್ತ್ರಚಿಕಿತ್ಸೆಯಾಗಿದೆ, ಆಮೇಲೆ ಮಗನ ಮನೆಗೆಂದು ಎರಡು ಬಾರಿ ಲಂಡನ್ನಿಗೆ ಹೋಗಿ ಬಂದಿದ್ದೇನೆ. ಮೇಲಿನ ಅಣ್ಣನವರು ಹೇಳಿದ ತೆರಿಗೆಯ ಲೆಕ್ಕ ಸರಿಯೇ ಇರಬಹುದು, ಆದರೆ ಕಾಲಿನ ಲೆಕ್ಕ ಬೇರೆ.

ಬೆಂಗಳೂರಿನಿಂದ ಲಂಡನ್ನಿಗೆ ನೇರವಾಗಿ ಹೋಗುವ ವಿಮಾನಗಳು ಹೆಚ್ಚಾಗಿ ಹಗಲಿನಲ್ಲಿ ಹಾರುತ್ತವೆ. ಹಗಲಿನಲ್ಲಿ ಎಚ್ಚರವಿರುತ್ತದೆ, ಗಂಟೆಗೊಮ್ಮೆ ಎದ್ದು ಹಿಂಭಾಗದ ಅಡುಗೆಯ ಜಾಗದವರೆಗೆ ನಡೆದು, ಅಲ್ಲಿ ಐದು ನಿಮಿಷ ನಿಂತು ಬರಬಹುದು. ನಾನು ಹಾಗೆಯೇ ಮಾಡಿದೆ, ಕಾಲು ಅಷ್ಟೇನೂ ಬಾಧಿಸಲಿಲ್ಲ. ಮರಳುವಾಗ ರಾತ್ರಿ. ದೀಪ ಆರಿಸುತ್ತಾರೆ, ಪಕ್ಕದವರು ನಿದ್ದೆ ಹೋಗುತ್ತಾರೆ, ಅವರನ್ನು ಎಬ್ಬಿಸಲು ಸಂಕೋಚವಾಗಿ ನಾವು ಕಾಲು ಮಡಚಿಕೊಂಡೇ ಕುಳಿತುಬಿಡುತ್ತೇವೆ. ಮೊದಲ ಸಲ ಬೆಂಗಳೂರಿನಲ್ಲಿ ಇಳಿದಾಗ ನನ್ನ ಚಪ್ಪಲಿಯ ಪಟ್ಟಿ ಕೊನೆಯ ತೂತಿಗೂ ಬರಲಿಲ್ಲ, ಮಗಳು ತಂದಿದ್ದ ಮನೆಯ ಹವಾಯಿ ಚಪ್ಪಲಿ ಹಾಕಿಕೊಂಡು ಕಾರು ಹತ್ತಿದೆ. ಎರಡನೆಯ ಸಲ ಮರಳುವಾಗ ಮಗ ಬಿಸಿನೆಸ್ ಟಿಕೆಟ್ ಮಾಡಿಸಿದ್ದ. ಆಸನ ಪೂರ್ತಿ ಚಾಚಿದರೆ ಹಾಸಿಗೆಯಾಗುತ್ತದೆ, ಕಾಲು ದೇಹದ ಮಟ್ಟಕ್ಕೇ ಬರುತ್ತದೆ. ಆರು ಗಂಟೆ ನಿದ್ದೆ ಮಾಡಿದೆ. ಪ್ರೀಮಿಯಂ ಇಕಾನಮಿಯಲ್ಲಿ ಇದು ಸಿಗುವುದಿಲ್ಲ, ಅಲ್ಲಿ ಜಾಗ ಹೆಚ್ಚು, ಕಾಲಿಗೆ ಆಸರೆಯೂ ಇರುತ್ತದೆ, ಆದರೆ ಮಲಗುವುದಕ್ಕಾಗುವುದಿಲ್ಲ.

ಇನ್ನೂ ಒಂದು ವಿಷಯ ಯೋಚಿಸಿ. ನಿಮ್ಮ ಮನೆಯವರು ಮರಳುವುದು ನಾಲ್ಕು ತಿಂಗಳ ಬಾಣಂತನ ಮುಗಿಸಿಕೊಂಡು. ರಾತ್ರಿ ಮಗು ಅತ್ತಾಗಲೆಲ್ಲ ಎದ್ದವರು, ಬಾಣಂತಿಗೆ ಬಿಸಿನೀರು ಕಾಯಿಸಿ ಎರೆದವರು. ಹೋಗುವಾಗ ಇರುವ ಶಕ್ತಿ ಬರುವಾಗ ಇರುವುದಿಲ್ಲ. 142 ಪೌಂಡ್ ಹೆಚ್ಚಾದರೂ ಮಲಗುವ ಆಸನ ಬರುವಾಗಲೇ ಇರಲಿ ಎಂದು ನಾನು ಹೇಳುತ್ತೇನೆ.

ಇಕಾನಮಿಯಲ್ಲಿ ಹೋಗುವಾಗ ಹಾದಿಯ ಬದಿಯ ಆಸನವನ್ನು ಹಣ ಕೊಟ್ಟಾದರೂ ಮೊದಲೇ ಆರಿಸಿ. ಶಸ್ತ್ರಚಿಕಿತ್ಸೆಯಾದ ಕಾಲು ಹಾದಿಯ ಕಡೆಗೆ ಬರಬೇಕು; ಅವರದು ಬಲಗಾಲಾದ್ದರಿಂದ ಹಾದಿ ಬಲಗಡೆಗೆ ಇರುವ ಆಸನ ನೋಡಿ. ತುರ್ತು ಬಾಗಿಲ ಪಕ್ಕದ ಸಾಲನ್ನು ಕೇಳಬೇಡಿ, ಕಾಲಿನ ತೊಂದರೆ ಇರುವವರಿಗೆ ಅದನ್ನು ಕೊಡುವುದಿಲ್ಲ. ಒತ್ತುಪಟ್ಟಿಯ ಕಾಲುಚೀಲದ ಬಗ್ಗೆ ವೈದ್ಯರನ್ನು ಕೇಳಿ. ಗಾಲಿಕುರ್ಚಿಯನ್ನು ಕನಿಷ್ಠ 48 ಗಂಟೆ ಮೊದಲು ಹೇಳಿಡಿ. ಹೀಥ್ರೂವಿನಲ್ಲಿ ನಡೆಯಬೇಕಾದ ದೂರ ಬಹಳ. ಕೃತಕ ಕೀಲು ಲೋಹಶೋಧಕದಲ್ಲಿ ಸದ್ದು ಮಾಡುತ್ತದೆ, ಶಸ್ತ್ರಚಿಕಿತ್ಸೆಯ ಕಾಗದದ ಪ್ರತಿ ಕೈಚೀಲದಲ್ಲಿರಲಿ.

ಉತ್ತರ — ಟಿಕೆಟ್ ಬುಕಿಂಗ್ ವೃತ್ತಿಯವ, ಕದ್ರಿ, ಮಂಗಳೂರು

ಬಿಜೈಯ ಅಕ್ಕನವರು ಹೇಳಿದ್ದು ಸರಿ. ನಾನು ಪೈಸೆಯ ಲೆಕ್ಕ ಕೊಟ್ಟೆ, ರಾತ್ರಿ ಹಗಲಿನ ವ್ಯತ್ಯಾಸವನ್ನು ಹೇಳಲಿಲ್ಲ. 1 ರೂಪಾಯಿ 59 ಪೈಸೆ ಎಂಬುದೂ ನೀವು 1,65,000 ಕೊಡಲು ಸಿದ್ಧರಿದ್ದರೆ ಮಾತ್ರ ನಿಜವಾದ ಬೆಲೆ; ಮಲಗಿ ಬರುವುದಕ್ಕೆ ನಿಮ್ಮ ಕೈಯಿಂದ ಎಷ್ಟು ಕೊಡುತ್ತಿದ್ದಿರಿ ಎಂದು ಕೇಳಿಕೊಂಡು ನಿರ್ಧರಿಸಿ.

ಬಾಕಿ ಉಳಿದ ಪ್ರಶ್ನೆ ಮಂಗಳೂರಿನದು. ನಮ್ಮ ವಿಮಾನ ನಿಲ್ದಾಣವಿರುವ ಬಜ್ಪೆಯ ರನ್‌ವೇ ಸುಮಾರು 2,450 ಮೀಟರ್, ಗುಡ್ಡದ ನೆತ್ತಿಯ ಮೇಲಿನದು. ಲಂಡನ್ನಿಗೆ ಹಾರುವ ದೊಡ್ಡ ವಿಮಾನಗಳು ಇಲ್ಲಿಗೆ ಬರುವುದಿಲ್ಲ. ಬೆಂಗಳೂರಿಗೆ ಹೋಗಲೇಬೇಕು. ಸಾಧ್ಯವಾದರೆ ಮಂಗಳೂರಿನಿಂದ ಲಂಡನ್ನಿನವರೆಗೆ ಒಂದೇ ಪಿಎನ್‌ಆರ್‌ನಲ್ಲಿ ಟಿಕೆಟ್ ಮಾಡಿಸಿ. ಆಗ ಮೊದಲ ವಿಮಾನ ತಡವಾದರೆ ಮುಂದಿನದಕ್ಕೆ ಕಳುಹಿಸುವುದು ಸಂಸ್ಥೆಯ ಹೊಣೆ, ಸಾಮಾನು ನೇರವಾಗಿ ಹೀಥ್ರೂವಿಗೆ ಹೋಗುತ್ತದೆ. ಎರಡು ಬೇರೆ ಟಿಕೆಟ್ ಆದರೆ ಎರಡನೆಯ ಸಂಸ್ಥೆಗೆ ಆ ಹೊಣೆ ಇಲ್ಲ. ಸಾಮಾನನ್ನೂ ಬೆಂಗಳೂರಿನಲ್ಲಿ ಬಿಡಿಸಿಕೊಂಡು ಅಂತರರಾಷ್ಟ್ರೀಯ ವಿಮಾನಗಳಿರುವ ಟರ್ಮಿನಲ್ 2ಕ್ಕೆ ಒಯ್ಯಬೇಕು. ಹಾಗಿದ್ದರೆ ಹಿಂದಿನ ದಿನವೇ ಬೆಂಗಳೂರಿಗೆ ಹೋಗಿ ಉಳಿಯಿರಿ. ಜನವರಿಯಲ್ಲಿ ಬೆಂಗಳೂರಿನಲ್ಲಿ ಬೆಳಗಿನ ಮಂಜು, ಮೇ ಕೊನೆಗೆ ನಮ್ಮಲ್ಲಿ ಮಳೆ, ಎರಡೂ ವಿಮಾನವನ್ನು ತಡಮಾಡಿಸುತ್ತವೆ. ಮರಳುವ ದಿನ ಬೆಂಗಳೂರಿನಿಂದ ರಾತ್ರಿಯ ಪಂಚಗಂಗಾ ರೈಲಿನಲ್ಲಿ ಮಲಗಿಕೊಂಡೇ ಉಡುಪಿಗೆ ಬರಬಹುದು, ಕೆಳಗಿನ ಬರ್ತ್ ಸಿಕ್ಕರೆ.

ಹೋಗುವ ಟಿಕೆಟ್ಟನ್ನು ಒಂದು ಬದಿಗೆ ಮಾತ್ರ ಕೊಳ್ಳುವಾಗ ದರವನ್ನು ಎರಡು ಮೂರು ಸಂಸ್ಥೆಗಳಲ್ಲಿ ನೋಡಿ. ಕೆಲವರಲ್ಲಿ ಒಂದು ಬದಿಯ ದರ ಎರಡು ಬದಿಯ ದರದ ಅರ್ಧಕ್ಕಿಂತ ಬಹಳ ಹೆಚ್ಚಿರುತ್ತದೆ.

ಕೊನೆಯದಾಗಿ, ಖಾತೆಯಲ್ಲಿರುವ ಹೆಸರು ಮತ್ತು ಪಾಸ್‌ಪೋರ್ಟಿನ ಹೆಸರು ಒಂದೇ ಇದೆಯೇ ನೋಡಿ. ನಮ್ಮ ಕಡೆಯವರಲ್ಲಿ ಇನಿಶಿಯಲ್ ಒಂದು ಕಡೆ ಬಿಡಿಸಿ ಬರೆದಿರುತ್ತದೆ, ಇನ್ನೊಂದು ಕಡೆ ಇಲ್ಲ. ತಂದೆಯ ಹೆಸರು ಸರ್‌ನೇಮ್ ಆಗಿ ಕುಳಿತಿರುತ್ತದೆ. ಕಾರ್ಡಿನ ಹೆಸರಿಗೂ ಖಾತೆಯ ಹೆಸರಿಗೂ ತಾಳೆಯಾಗದೆ ವರ್ಗಾವಣೆ ನಿಂತದ್ದನ್ನು ನಾನು ಕಂಡಿದ್ದೇನೆ.

ಪ್ರಶ್ನೆ ಕೇಳಿದವರಿಂದ — ನಿವೃತ್ತ ಅಧ್ಯಾಪಕ, ಕಡಿಯಾಳಿ, ಉಡುಪಿ

ಎಲ್ಲರಿಗೂ ಹೃದಯಪೂರ್ವಕ ಧನ್ಯವಾದಗಳು. ನಿನ್ನೆ ರಾತ್ರಿ ಊಟವಾದ ಮೇಲೆ ಇದನ್ನೆಲ್ಲ ಪತ್ನಿಗೆ ಓದಿ ಹೇಳಿದೆ. ಬಿಜೈಯ ಅಕ್ಕನವರ ಮಾತು ಮುಗಿಯುವ ಮೊದಲೇ ಅವರು, "ಹೋಗುವಾಗ ನಿಮ್ಮ ಪಕ್ಕದಲ್ಲಿ ಕುಳಿತು ಹೋಗುತ್ತೇನೆ, ಬರುವಾಗ ಮಲಗಿಕೊಂಡು ಬರುತ್ತೇನೆ" ಎಂದರು. ಅಲ್ಲಿಗೆ ನಿರ್ಧಾರವಾಯಿತು.

ಹೋಗುವಾಗ ಹಣ ಕೊಟ್ಟು ಇಬ್ಬರಿಗೂ ಇಕಾನಮಿ, ಹಾದಿ ಬಲಗಡೆಗೆ ಬರುವ ಆಸನ ಅವರಿಗೆ. ಬರುವಾಗ ಅವರಿಗೆ 80,000 ಕೊಟ್ಟು ಬಿಸಿನೆಸ್, ಉಳಿದ 53,000ದಲ್ಲಿ 50,000 ಕೊಟ್ಟು ನನಗೆ ಪ್ರೀಮಿಯಂ ಇಕಾನಮಿ. ಅದು ಇಲ್ಲದ ವಿಮಾನವಾದರೆ ನಾನು ಇಕಾನಮಿಯಲ್ಲಿ ಬರುತ್ತೇನೆ. ಮೇ 26ರ ಮಂಗಳವಾರ ಮತ್ತು 27ರ ಬುಧವಾರ ಎರಡು ದಿನವೂ ಒಂದೊಂದು ಬಿಸಿನೆಸ್ ಆಸನ ಇವತ್ತು ಬೆಳಿಗ್ಗೆ ಕಾಣುತ್ತಿತ್ತು. ಮಾರ್ಚಿನೊಳಗೆ ಟಿಕೆಟ್ ಮಾಡಿಸಿದರೆ ಸಾಕು, ಪ್ರಯಾಣ ಆಮೇಲೆ ಆಗಬಹುದು ಎಂದು ಸಂಸ್ಥೆಯವರು ಮಿಂಚಂಚೆಯಲ್ಲಿ ಉತ್ತರಿಸಿದ್ದಾರೆ.

ಆದರೆ ವರ್ಗಾವಣೆಯನ್ನು ಇನ್ನೂ ಮಾಡಿಲ್ಲ. ಕದ್ರಿಯವರು ಹೇಳಿದಂತೆ ಹೆಸರು ನೋಡಿದೆ. ಪಾಸ್‌ಪೋರ್ಟಿನಲ್ಲೂ ಕಾರ್ಡಿನಲ್ಲೂ ನನ್ನ ಹೆಸರಿನ ಜೊತೆ ತಂದೆಯವರ ಪೂರ್ಣ ಹೆಸರಿದೆ, ವಿಮಾನ ಸಂಸ್ಥೆಯ ಖಾತೆಯಲ್ಲಿ ಬರೀ ಒಂದು ಇನಿಶಿಯಲ್. ಪಾಸ್‌ಪೋರ್ಟಿನ ಪ್ರತಿಯನ್ನು ಅವರಿಗೆ ಕಳುಹಿಸಿದ್ದೇನೆ. ತಿದ್ದುಪಡಿಯಾದ ದಿನವೇ ಮತ್ತೊಮ್ಮೆ ಆಸನ ನೋಡಿಕೊಂಡು ವರ್ಗಾಯಿಸುತ್ತೇನೆ.